ಸದ್ದಿಲ್ಲದ ರಸ್ತೆ ಅನ್ನೋದು ತಾನಾಗಿ ಹುಟ್ಟಲ್ಲ

ಜೂನ್ 3 ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಘೋಷಣೆ ಮಾಡಿದ ದಿನ ಇದು. ಪ್ರತಿ ವರ್ಷ ಆ ದಿನ ನಮ್ಮ ನ್ಯೂಸ್ ಡೆಸ್ಕಿಗೆ ಒಂದಷ್ಟು ದೃಶ್ಯ ಬಂದೇ ಬರುತ್ತೆ. ಗಣ್ಯರೊಬ್ಬರು ಹೊಸ ಸೈಕಲ್ ಹತ್ತುತ್ತಾರೆ, ನೂರು ಮೀಟರ್ ತುಳಿಯುತ್ತಾರೆ, ಹಿಂದೆ ಬೆಂಗಾವಲಿನ ಕಾರು, ಮುಂದೆ ಕ್ಯಾಮೆರಾ. ಇಪ್ಪತ್ತು ಸೆಕೆಂಡ್ ಸುದ್ದಿ, ಮುಗೀತು. ಸೈಕಲ್ ಓಡಿಸಿ ಅಂತ ಹೇಳೋಕೆ ಎಲ್ಲರೂ ಇದ್ದಾರೆ. ಎಲ್ಲಿ ಓಡಿಸಬೇಕು ಅಂತ ಕೇಳಿ ನೋಡಿ, ಆಗ ಮಾತ್ರ ಎಲ್ಲರೂ ಮೌನ. ಇವತ್ತು ಆ ಎರಡನೇ ಪ್ರಶ್ನೆ ಬಗ್ಗೆ ಮಾತಾಡೋಣ.

ಫ್ರಾನ್ಸ್ ದೇಶದ ಹಳ್ಳಿಗಾಡಿನ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಪಕ್ಕದಲ್ಲಿ ನದಿ, ನದಿಗೆ ಸಮವಾಗಿ ಬಾಗುತ್ತಾ ಹೋಗೋ ಕಿರಿದಾದ ಡಾಂಬರು ರಸ್ತೆ, ಎರಡೂ ಕಡೆ ಮರ, ರಸ್ತೆ ಮೇಲೆ ಅರ್ಧ ಗಂಟೆಗೊಂದು ಕಾರು ಬಂದರೆ ಹೆಚ್ಚು. ಅರವತ್ತು ದಾಟಿದ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಸೈಕಲ್ ತುಳಿಯುತ್ತಾ ಹೋಗ್ತಾ ಇರ್ತಾರೆ. ಲ್ವಾರ್ ನದಿಯ ದಂಡೆಯಲ್ಲೇ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗ ಇದೆ. ಅದನ್ನ ನೋಡಿದ ತಕ್ಷಣ ನಮ್ಮ ಜನ ಹೇಳೋ ಮಾತು ಒಂದೇ: "ಬಿಡಿ ಸಾರ್, ಅವರ ದೇಶ, ಅವರ ಜನಸಂಖ್ಯೆ. ನಮ್ಮಲ್ಲಿ ಅದೆಲ್ಲ ಆಗಲ್ಲ."

ಒಪ್ಪೋಣ, ಜನಸಂಖ್ಯೆ ಕಡಿಮೆ. ಆದರೆ ಅಲ್ಲಿನ ಮನೆಗಳಲ್ಲಿ ಕಾರು ಕಡಿಮೆಯಾ? ನಮಗಿಂತ ಎಷ್ಟೋ ಹೆಚ್ಚು. ಹಾಗಿದ್ರೂ ನದಿ ಪಕ್ಕದ ರಸ್ತೆ ಖಾಲಿ ಇದೆ ಅಂದ್ರೆ ಕಾರಣ ಬೇರೆಯೇ ಇರಬೇಕಲ್ವಾ? ಕಾರಣ ಇದೆ. ದೂರದ ಊರಿಗೆ ಹೋಗೋ ವಾಹನಕ್ಕೆ ಬೇರೆ ಹೆದ್ದಾರಿ ಕೊಟ್ಟರು. ಹಳೆಯ ಸಣ್ಣ ರಸ್ತೆಯನ್ನ ಅಗಲ ಮಾಡದೆ ಸಣ್ಣದಾಗಿಯೇ ಉಳಿಸಿದರು. ರೈಲು ನಿಂತುಹೋದ ಹಳಿ ಹಾದಿಯನ್ನ ಸೈಟು ಮಾಡಿ ಮಾರಲಿಲ್ಲ. ಬರ್ಗಂಡಿ ಪ್ರಾಂತ್ಯದ ಗಿವ್ರಿ ಮತ್ತು ಕ್ಲುನಿ ಅನ್ನೋ ಎರಡು ಊರುಗಳ ನಡುವೆ 1997ರಲ್ಲಿ ಅಂಥ ಹಳೇ ರೈಲು ದಾರಿಯನ್ನ 44 ಕಿಲೋಮೀಟರ್ ಸೈಕಲ್ ದಾರಿ ಮಾಡಿದರು. ಅಲ್ಲಿಂದ ಆ ಪದ್ಧತಿ ದೇಶವೆಲ್ಲ ಹರಡಿತು. ಕಾಲುವೆ ಪಕ್ಕದಲ್ಲಿ ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆದುಕೊಂಡು ಹೋಗ್ತಿದ್ದ ಏರಿ ಇತ್ತಲ್ಲ, ಅದನ್ನೂ ಹಾಗೇ ಸೈಕಲ್ಲಿಗೆ ಬಿಟ್ಟರು. 2018ರ ಜುಲೈನಲ್ಲಿ ಮಧ್ಯೆ ವಿಭಜಕ ಇಲ್ಲದ ಹಳ್ಳಿಗಾಡಿನ ರಸ್ತೆಗಳ ವೇಗದ ಮಿತಿಯನ್ನ 90ರಿಂದ 80ಕ್ಕೆ ಇಳಿಸಿದರು. ಊರಾಚೆ ಸೈಕಲ್ ಸವಾರನನ್ನ ದಾಟಿ ಹೋಗುವಾಗ ಒಂದೂವರೆ ಮೀಟರ್ ಅಂತರ ಬಿಡಲೇಬೇಕು, ಅದು ಅಲ್ಲಿ ಕಾನೂನು.

ಅಂದ್ರೆ ಏನರ್ಥ? ಆ ರಸ್ತೆಯ ಮೌನ ದೇವರು ಕೊಟ್ಟಿದ್ದಲ್ಲ. ಯಾರೋ ಕೂತು ನಿರ್ಧಾರ ಮಾಡಿದ್ದಕ್ಕೆ ಅಲ್ಲಿ ಮೌನ ಇದೆ. ಯಾರೂ ನಿರ್ಧಾರ ಮಾಡದೆ ಇದ್ದಿದ್ದಕ್ಕೆ ನಮ್ಮಲ್ಲಿ ಹಾರ್ನ್ ಇದೆ.

ಈಗ ಉತ್ತರಹಳ್ಳಿಗೆ ಬನ್ನಿ. ಹೆಸರಲ್ಲೇ ಹಳ್ಳಿ ಇದೆ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುಂಚೆ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ಅಂದರೆ ಮತದಾರರ ಲೆಕ್ಕದಲ್ಲಿ ದೇಶದ ಅತಿ ದೊಡ್ಡ ಕ್ಷೇತ್ರಗಳಲ್ಲಿ ಒಂದು. ಊರು ಯಾವ ವೇಗದಲ್ಲಿ ಬೆಳೆಯಿತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಚಿಕ್ಕಲ್ಲಸಂದ್ರ, ಅರೇಹಳ್ಳಿ, ವಸಂತಪುರ, ಸುಬ್ರಹ್ಮಣ್ಯಪುರ, ಗುಬ್ಬಲಾಳ – ಒಂದೊಂದೂ ಒಂದು ಕೆರೆ, ಒಂದು ಗುಡಿ, ಒಂದು ಎತ್ತಿನಗಾಡಿ ದಾರಿ ಇದ್ದ ಊರುಗಳು. ಆ ಗಾಡಿ ದಾರಿಗಳೇ ಇವತ್ತಿನ ಮೇನ್ ರೋಡ್‌ಗಳು. ಎರಡು ಎತ್ತಿನಗಾಡಿ ಎದುರುಬದುರು ಬಂದರೆ ಒಂದು ಪಕ್ಕಕ್ಕೆ ಇಳಿಯಬೇಕಾಗಿದ್ದ ಅಗಲದಲ್ಲಿ ಇವತ್ತು ಬಿಎಂಟಿಸಿ ಬಸ್ಸು, ನೀರಿನ ಟ್ಯಾಂಕರ್, ಶಾಲಾ ವ್ಯಾನ್, ಕಾಂಕ್ರೀಟ್ ಮಿಕ್ಸರ್ ಎಲ್ಲವೂ ಒಟ್ಟಿಗೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅದರ ಪಾಲು ಉತ್ತರಹಳ್ಳಿ–ಕೆಂಗೇರಿ ರಸ್ತೆಗೂ ಬಂದಿದೆ.

ಆದರೂ ಭಾನುವಾರ ಬೆಳಗ್ಗೆ ಐದೂವರೆಗೆ ಈ ರಸ್ತೆಗೆ ಬಂದು ನಿಂತು ನೋಡಿ. ಕೆಂಪು ದೀಪ ಮಿಣುಕಿಸುತ್ತಾ ಸಾಲಾಗಿ ಸೈಕಲ್‌ಗಳು ಹೋಗ್ತವೆ. ಎಲ್ಲಿಗೆ? ಕೆಂಗೇರಿ ದಾಟಿ, ಮೈಸೂರು ರಸ್ತೆಯಿಂದ ಬಲಕ್ಕೆ ತಿರುಗಿ, ದೊಡ್ಡ ಆಲದ ಮರಕ್ಕೆ. ಸುಮಾರು 400 ವರ್ಷದ ಮರ, ಮೂರು ಎಕರೆ ಆಸುಪಾಸು ಹಬ್ಬಿದೆ. ಅಲ್ಲಿಂದ ಮುಂದೆ ಮಂಚನಬೆಲೆ. ಉತ್ತರಹಳ್ಳಿಯಿಂದ ಹೆಚ್ಚುಕಮ್ಮಿ ಮೂವತ್ತು ಕಿಲೋಮೀಟರ್. ಇದೇ ನಮ್ಮ ನದೀ ಕಣಿವೆ ರಸ್ತೆ. ನದಿ ಯಾವುದು? ಅರ್ಕಾವತಿ. ನಂದಿ ಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ ದಾಟಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರೋ ನದಿ. ಆಲದ ಮರ ದಾಟಿದ ಮೇಲೆ ರಸ್ತೆ ಏರಿಳಿಯುತ್ತಾ ಹೋಗುತ್ತೆ. ರಾಗಿ ಹೊಲ, ಮಾವಿನ ತೋಪು, ಹುಣಸೆ ಮರ, ದೂರದಲ್ಲಿ ಸಾವನದುರ್ಗದ ಬಂಡೆ. ಚೈನ್ ಸದ್ದು, ನವಿಲಿನ ಕೂಗು, ಗಾಳಿ. ಅಷ್ಟೇ. ಮಂಚನಬೆಲೆ ಹಿನ್ನೀರಿಗೆ ಮಾತ್ರ ಇಳಿಯಬೇಡಿ, ಅಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿ ಓದಿ ಓದಿ ನಮ್ಮಂಥವರಿಗೂ ಸಾಕಾಗಿದೆ.

ಇಲ್ಲಿ ತುಳಿದು ತುಳಿದು ಅಭ್ಯಾಸ ಮಾಡಿದವರು ಎಲ್ಲೆಲ್ಲಿಗೋ ಹೋಗಿದ್ದಾರೆ. 'ಬ್ರೆವೆ' ಅಂತ ಒಂದು ಪದ್ಧತಿ ಇದೆ, ಮೂಲ ಫ್ರಾನ್ಸಿನದ್ದೇ. ಇದು ರೇಸ್ ಅಲ್ಲ, ನಿಗದಿತ ಸಮಯದೊಳಗೆ ದೂರ ಮುಗಿಸಬೇಕು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಬೆಂಗಳೂರಿನ ಸುತ್ತ ವರ್ಷವಿಡೀ ಇವು ನಡೆಯುತ್ತವೆ. ಇವುಗಳನ್ನ ಮುಗಿಸಿದವರಿಗೆ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಇದೆ. 1891ರಲ್ಲಿ ಶುರುವಾದ ಸವಾರಿ, 1200 ಕಿಲೋಮೀಟರಿಗೆ ಹೆಚ್ಚೆಂದರೆ 90 ಗಂಟೆ. 2023ರ ಆಗಸ್ಟಿನಲ್ಲಿ ಭಾರತದಿಂದ ನೂರಾರು ಜನ ಅಲ್ಲಿಗೆ ಹೋಗಿದ್ದರು. ನಮ್ಮ ಕರ್ನಾಟಕಕ್ಕೂ ಸೈಕಲ್ಲಿಗೂ ಹಳೇ ನಂಟು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗಲ್ಲಿ ಪದಕ ತಂದವರು. ಚಂದರಗಿ ಕ್ರೀಡಾಶಾಲೆಯ ಹೆಸರು ಸೈಕ್ಲಿಂಗ್ ಬಲ್ಲವರಿಗೆಲ್ಲ ಗೊತ್ತು. ಅವರೆಲ್ಲ ಕಲಿತಿದ್ದು ಎಲ್ಲಿ? ಎರೆ ಹೊಲದ ಮಧ್ಯದ ಖಾಲಿ ರಸ್ತೆಗಳಲ್ಲಿ.

ಆದರೆ ಒಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. ಸದ್ದಿಲ್ಲದ ರಸ್ತೆ ಅಂದ ತಕ್ಷಣ ಲಕ್ಷ ರೂಪಾಯಿ ಸೈಕಲ್, ಬಣ್ಣದ ಹೆಲ್ಮೆಟ್, ಭಾನುವಾರದ ಕಾಫಿ ಇಷ್ಟೇ ಕಣ್ಣಮುಂದೆ ಬಂದರೆ ನಾವು ಅರ್ಧ ಸತ್ಯ ನೋಡ್ತಾ ಇದ್ದೀವಿ. ಅದೇ ರಸ್ತೆಯಲ್ಲಿ ಅದೇ ಐದೂವರೆಗೆ ಇನ್ನೊಂದು ಸೈಕಲ್ ಇರುತ್ತೆ. ಹಿಂದೆ ಕ್ಯಾರಿಯರ್, ಬೆಲ್ ಇಲ್ಲ, ದೀಪ ಅಂತೂ ಇಲ್ಲವೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಬರೋ ಸೆಕ್ಯುರಿಟಿ ಗಾರ್ಡ್. ಪೇಪರ್ ಹಾಕೋ ಹುಡುಗ. ಸೊಪ್ಪು ಮಾರೋರು. ಕಟ್ಟಡ ಕೆಲಸಕ್ಕೆ ಹೋಗೋ ರಾಯಚೂರಿನವರು, ಬಿಹಾರದವರು. ಅವರಿಗೆ ಇದು ಹವ್ಯಾಸ ಅಲ್ಲ, ಉಳಿದಿರೋ ಒಂದೇ ವಾಹನ. 2011ರ ಜನಗಣತಿ ಪ್ರಕಾರ ದೇಶದ ಶೇಕಡ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಈ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ 1 ಲಕ್ಷದ 68 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರಕ್ಕೂ ಹೆಚ್ಚು. ಇವರಲ್ಲಿ ಎಷ್ಟು ಜನರ ಸುದ್ದಿ ನಮ್ಮ ಚಾನೆಲ್‌ಗಳಲ್ಲಿ ಬಂತು ಹೇಳಿ? "ಅಪರಿಚಿತ ವಾಹನ ಡಿಕ್ಕಿ, ಸೈಕಲ್ ಸವಾರ ಸಾವು." ಸ್ಕ್ರೀನಿನ ಕೆಳಗೆ ಓಡೋ ಒಂದು ಸಾಲು.

ಶಾಲಾ ಮಕ್ಕಳ ವಿಷಯ ಇನ್ನೂ ಗಂಭೀರ. 2006–07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ಪಕ್ಕದೂರಿನ ಹೈಸ್ಕೂಲಿಗೆ ಹೋಗೋ ಹೆಣ್ಣುಮಗಳಿಗೆ ಅದು ಬರೀ ಸೈಕಲ್ ಆಗಿರಲಿಲ್ಲ. ಓದು ಮುಂದುವರಿಸೋಕೆ ಸಿಕ್ಕಿದ ದಾರಿ ಅದು. ಕೊರೊನಾ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಸೈಕಲ್ ಮತ್ತೆ ಕೊಡಿ ಅಂತ ಕೇಳೋದು ಸರಿ, ಕೇಳಲೇಬೇಕು. ಆದರೆ ಸೈಕಲ್ ಕೊಟ್ಟು, ಟಿಪ್ಪರ್ ಓಡೋ ರಸ್ತೆಗೆ ಆ ಮಗುವನ್ನ ಕಳಿಸಿದರೆ ಏನು ಬಂತು? ಇವತ್ತು ಉತ್ತರಹಳ್ಳಿಯಲ್ಲಿ ಎರಡು ಕಿಲೋಮೀಟರ್ ದೂರದ ಶಾಲೆಗೆ ಮಗುವನ್ನ ಒಂಟಿಯಾಗಿ ಸೈಕಲ್ಲಲ್ಲಿ ಕಳಿಸೋ ಧೈರ್ಯ ಎಷ್ಟು ತಂದೆತಾಯಿಗಳಿಗಿದೆ? ಧೈರ್ಯ ಇಲ್ಲ ಅಂತ ವ್ಯಾನು. ವ್ಯಾನು ಜಾಸ್ತಿ ಆಯ್ತು ಅಂತ ಟ್ರಾಫಿಕ್ಕು. ಟ್ರಾಫಿಕ್ಕು ಅಂತ ಇನ್ನಷ್ಟು ಭಯ. ಚಕ್ರ ತಿರುಗ್ತಾನೇ ಇದೆ.

ನಾನು ಓದಿದ್ದು ಇಂಜಿನಿಯರಿಂಗ್. ಕ್ಯಾಮೆರಾ ಮುಂದೆ ಬಂದಮೇಲೆ ಮರೆತಿದ್ದೇ ಹೆಚ್ಚು, ಆದರೆ ಎರಡು ಲೆಕ್ಕ ಮಾತ್ರ ತಲೆಯಲ್ಲಿ ಉಳಿದಿದೆ. ಅದನ್ನ ಹೇಳ್ತೀನಿ, ಕೇಳಿ.

ಮೊದಲನೇದು ವೇಗದ ಲೆಕ್ಕ. ವಾಹನದ ವೇಗ ಎರಡು ಪಟ್ಟಾದರೆ ಅದು ಹೊತ್ತು ತರುವ ಚಲನ ಶಕ್ತಿ ನಾಲ್ಕು ಪಟ್ಟು. 40ರಲ್ಲಿ ಬರುವ ಕಾರು, ಚಾಲಕ ನೋಡಿ ಬ್ರೇಕ್ ಒತ್ತಿ ನಿಲ್ಲೋ ಹೊತ್ತಿಗೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರ್ ಬಂದಿರುತ್ತೆ. 80ರಲ್ಲಿ ಬಂದರೆ 55 ಮೀಟರಿಗೂ ಹೆಚ್ಚು. ಹಳ್ಳಿ ರಸ್ತೆಯ ಒಂದು ತಿರುವಿನಾಚೆ ಸೈಕಲ್ ಇದ್ದರೆ ಈ 35 ಮೀಟರ್ ವ್ಯತ್ಯಾಸ ಅಂದರೆ ಒಂದು ಜೀವ.

ಎರಡನೇದು ರಸ್ತೆ ಹಾಳಾಗೋ ಲೆಕ್ಕ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷಾ ರಸ್ತೆಗಳನ್ನ ಹಾಕಿ, ವರ್ಷಗಟ್ಟಲೆ ಲಾರಿ ಓಡಿಸಿ ಕಂಡುಕೊಂಡ ನಿಯಮ ಇದು: ರಸ್ತೆಗೆ ಆಗೋ ಹಾನಿ ಒಂದು ಆಕ್ಸಲ್ ಮೇಲಿನ ಭಾರದ ನಾಲ್ಕನೇ ಘಾತಕ್ಕೆ ಹೆಚ್ಚುಕಡಿಮೆ ಸಮ. ಬಿಡಿಸಿ ಹೇಳ್ತೀನಿ. ಸವಾರನೂ ಸೇರಿ ಸೈಕಲ್ 90 ಕೆಜಿ, ಕಾರು 1350 ಕೆಜಿ ಅಂದುಕೊಳ್ಳಿ. ಭಾರ 15 ಪಟ್ಟು. ಹಾನಿ 15 ಪಟ್ಟಲ್ಲ, 50 ಸಾವಿರ ಪಟ್ಟು. ಇನ್ನು ಜಲ್ಲಿ ತುಂಬಿದ ಟಿಪ್ಪರಿನ ಹತ್ತು ಟನ್ ಹೊರೋ ಆಕ್ಸಲ್ ತಗೊಂಡರೆ, ಆ ಕಾರಿಗಿಂತ ಮತ್ತೆ ಹತ್ತಿರ ಹತ್ತಿರ 50 ಸಾವಿರ ಪಟ್ಟು. ಹಳ್ಳಿ ರಸ್ತೆಯಲ್ಲಿ ಗುಂಡಿ ಬಿದ್ದಾಗ ಊರ ಜನ ಮಳೆಯನ್ನ ಬೈತಾರೆ, ಕಂಟ್ರಾಕ್ಟರನ್ನ ಬೈತಾರೆ. ಬೈಯಲಿ, ಅವರ ಪಾಲೂ ಇರುತ್ತೆ. ಆದರೆ ಸಣ್ಣ ರಸ್ತೆಗೆ ದೊಡ್ಡ ಟಿಪ್ಪರ್ ಬಿಟ್ಟವರು ಯಾರು ಅಂತ ಯಾರೂ ಕೇಳಲ್ಲ. ಅಂದರೆ ಭಾರಿ ವಾಹನವನ್ನ ಬೇರೆ ದಾರಿಗೆ ಕಳಿಸಿದರೆ ಸೈಕಲ್ಲಿನವನಿಗೆ ಮಾತ್ರ ಲಾಭ ಅಲ್ಲ, ಊರಿನ ರಸ್ತೆಯೇ ಉಳಿಯುತ್ತೆ. ನಿಮ್ಮ ತೆರಿಗೆ ದುಡ್ಡೂ ಉಳಿಯುತ್ತೆ.

ಸರ್ಕಾರ ಏನೂ ಮಾಡಿಲ್ವಾ? ಮಾಡಿದೆ, ಹೇಳಬೇಕು. 2012ರ ಹೊತ್ತಿಗೆ ಜಯನಗರದಲ್ಲಿ ಸೈಕಲ್ ಪಥ ಬಂತು. 2013ರಲ್ಲಿ ಭೂಸಾರಿಗೆ ನಿರ್ದೇಶನಾಲಯದ ಸೈಕಲ್ ಡೇ ಶುರುವಾಯ್ತು. 2017ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಬಂತು, ಬಾಡಿಗೆ ಸೈಕಲ್ ವ್ಯವಸ್ಥೆಯಲ್ಲಿ ದೇಶಕ್ಕೇ ಮಾದರಿ ಅಂತ ಹೆಸರಾಯ್ತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ 17 ಕಿಲೋಮೀಟರ್ ಸೈಕಲ್ ಲೇನ್ ಹಾಕಿದರು. ಆಮೇಲೆ? ಜಯನಗರದ ಪಥ ಪಾರ್ಕಿಂಗ್ ಆಯ್ತು. ಹೊರವರ್ತುಲ ರಸ್ತೆಯ ಲೇನಿನ ಕಂಬಗಳನ್ನ ಮೆಟ್ರೋ ಕಾಮಗಾರಿ ನುಂಗಿತು. ಇವೆಲ್ಲದರಲ್ಲೂ ಒಂದು ಸಾಮಾನ್ಯ ಅಂಶ ಗಮನಿಸಿ. ಗದ್ದಲದ ರಸ್ತೆಯಲ್ಲಿ ಒಂದು ಪಟ್ಟಿ ಬಣ್ಣ ಬಳಿದು ಇದು ನಿಮ್ಮದು ಅಂದರು. ಆ ಬಣ್ಣವನ್ನ ಕಾಯೋರು ಯಾರೂ ಇರಲಿಲ್ಲ. ಆಗಲೇ ಸದ್ದಿಲ್ಲದೆ ಇದ್ದ ರಸ್ತೆಯನ್ನ ಹಾಗೇ ಉಳಿಸಿಕೊಳ್ಳೋಣ ಅನ್ನೋ ಯೋಚನೆಯೇ ಯಾರಿಗೂ ಬರಲಿಲ್ಲ. ಮಾಡೋದಕ್ಕಿಂತ ಉಳಿಸೋದು ಅಗ್ಗ. ಆದರೆ ಉಳಿಸೋದಕ್ಕೆ ಟೆಂಡರ್ ಇಲ್ಲ, ಶಂಕುಸ್ಥಾಪನೆ ಇಲ್ಲ, ಕಲ್ಲಿನ ಮೇಲೆ ಹೆಸರಿಲ್ಲ.

ಈಗ ಎದುರು ವಾದ. ಅದು ಗಟ್ಟಿಯಾದ ವಾದ, ತಳ್ಳಿಹಾಕೋ ಹಾಗಿಲ್ಲ. ಮಂಚನಬೆಲೆ ದಾರಿಯ ಹಳ್ಳಿಯವರು ಕೇಳ್ತಾರೆ: "ನೀವು ಸಿಟಿಯವರು ವಾರಕ್ಕೊಂದು ದಿನ ಬಂದು ಗಾಳಿ ಕುಡಿದು ಹೋಗೋಕೆ ನಮ್ಮೂರ ರಸ್ತೆ ಸಣ್ಣದಾಗೇ ಇರಬೇಕಾ? ನಮಗೆ ಆಂಬುಲೆನ್ಸ್ ಬೇಡವಾ? ಟೊಮ್ಯಾಟೊ ಮಾರುಕಟ್ಟೆಗೆ ಹೋಗೋದು ಬೇಡವಾ? ನಮ್ಮ ಜಮೀನಿಗೆ ಬೆಲೆ ಬರೋದು ಬೇಡವಾ?" ಬೇಕು. ಖಂಡಿತ ಬೇಕು. ಹಳ್ಳಿಯನ್ನ ಮ್ಯೂಸಿಯಂ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಊರಿನ ಬಸ್ಸು ಓಡಲಿ, ಊರಿನ ಟ್ರ್ಯಾಕ್ಟರ್ ಓಡಲಿ, ಹಾಲಿನ ವ್ಯಾನು ಓಡಲಿ, ಆಂಬುಲೆನ್ಸಿಗೆ ಯಾವ ತಡೆಯೂ ಬೇಡ. ನನ್ನ ಪ್ರಶ್ನೆ ಒಂದೇ: ಆ ಊರಿನಲ್ಲಿ ಯಾವ ಕೆಲಸವೂ ಇಲ್ಲದೆ, ಹೆದ್ದಾರಿಯ ಟೋಲ್ ತಪ್ಪಿಸೋಕೆ, ಮ್ಯಾಪ್ ಎರಡು ನಿಮಿಷ ಉಳಿಯುತ್ತೆ ಅಂದಿದ್ದಕ್ಕೆ, ಎಪ್ಪತ್ತರ ವೇಗದಲ್ಲಿ ಊರ ಮಧ್ಯೆ ನುಗ್ಗೋ ವಾಹನಕ್ಕೆ ಆ ರಸ್ತೆ ಯಾಕೆ ಕೊಡಬೇಕು? ಆ ವಾಹನದಿಂದ ಹಳ್ಳಿಗೆ ಬರೋದು ಧೂಳು, ಸತ್ತ ನಾಯಿ, ಜಗಲಿ ಮೇಲೆ ಕೂರೋಕಾಗದ ಅಜ್ಜಿ. ಬೇರೆ ಏನು ಬರುತ್ತೆ? ಸೈಕಲ್ಲಿನವನಾದರೆ ನಿಲ್ಲುತ್ತಾನೆ. ಇಡ್ಲಿ ತಿನ್ನುತ್ತಾನೆ, ಎಳನೀರು ಕುಡೀತಾನೆ, ಸೀಬೆಹಣ್ಣು ಕೊಳ್ತಾನೆ. ಆಲದ ಮರದ ಹತ್ತಿರದ ಗೂಡಂಗಡಿಯವರನ್ನ ಕೇಳಿ, ಹೇಳ್ತಾರೆ.

ಹಾಗಾದ್ರೆ ಏನು ಮಾಡಬೇಕು? ಹೊಸ ಕಾನೂನು ತರೋ ತನಕ ಕಾಯೋದೇ ಬೇಡ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಓದಿ. ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ಯಾವುದೇ ಬಗೆಯ ಮೋಟಾರು ವಾಹನವನ್ನ ನಿರ್ಬಂಧಿಸೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. 112ನೇ ಸೆಕ್ಷನ್ನಿನಲ್ಲಿ ವೇಗದ ಮಿತಿ ಹಾಕೋ ಅಧಿಕಾರ ಇದೆ. 2019ರ ತಿದ್ದುಪಡಿಯಲ್ಲಿ ಪಾದಚಾರಿಗಳು ಮತ್ತು ಸೈಕಲ್‌ನಂಥ ವಾಹನಗಳ ಬಗ್ಗೆ ರಾಜ್ಯವೇ ನಿಯಮ ಮಾಡಬಹುದು ಅಂತ ಸೇರಿಸಿದ್ದಾರೆ. ಅಧಿಕಾರ ಕೈಯಲ್ಲೇ ಇದೆ. ಸಹಿ ಬೇಕಷ್ಟೇ.

ಒಂದು, ಬೆಂಗಳೂರಿನ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕೇ ನಾಲ್ಕು ರಸ್ತೆ ಆರಿಸಿ. ದಕ್ಷಿಣ, ಪಶ್ಚಿಮದ ಪಾಲಿಗೆ ಆಲದ ಮರ–ಮಂಚನಬೆಲೆ ರಸ್ತೆ ಇರಲಿ. ಅವನ್ನ ಅಗಲ ಮಾಡಬೇಡಿ. 40ರ ವೇಗದ ಮಿತಿ ಹಾಕಿ. ಊರಿಗೆ ಸಂಬಂಧವಿಲ್ಲದ ಭಾರಿ ವಾಹನ ಬೇಡ. ಮರ ಕಡಿಯೋದು ಬೇಡ. ಎರಡು, ಶನಿವಾರ ಭಾನುವಾರ ಬೆಳಗ್ಗೆ ಐದರಿಂದ ಒಂಬತ್ತರ ತನಕ ಆ ಊರುಗಳವರ ವಾಹನ ಮತ್ತು ಬಸ್ಸು ಬಿಟ್ಟು ಬೇರೆ ಯಾವುದೂ ಬೇಡ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟನ್ನೇ ವಾಹನಮುಕ್ತ ಮಾಡಿದ್ದ ಸರ್ಕಾರಕ್ಕೆ ಇದು ದೊಡ್ಡ ಕೆಲಸವಾ? ಮೂರು, ಉತ್ತರಹಳ್ಳಿಯಿಂದ ಕೆಂಗೇರಿ ಮೆಟ್ರೋ ತನಕ ಒಳರಸ್ತೆಗಳನ್ನ ಜೋಡಿಸಿ ಒಂದು ದಾರಿ ಗುರುತು ಮಾಡಿ. ಬಣ್ಣದ ಪಟ್ಟಿ ಬೇಡ, ಕಾರು ಅಡ್ಡದಾರಿ ಹಿಡಿಯದ ಹಾಗೆ ಅಲ್ಲಲ್ಲಿ ಎರಡು ಕಲ್ಲು ನೆಟ್ಟರೂ ಸಾಕು. ಸೆಕ್ಯುರಿಟಿ ಗಾರ್ಡು, ಶಾಲೆಗೆ ಹೋಗೋ ಹುಡುಗಿ ಇಬ್ಬರೂ ಅದೇ ದಾರಿಯಲ್ಲಿ ಹೋಗ್ತಾರೆ.

ನಾಲ್ಕನೇದು ಇಡೀ ರಾಜ್ಯಕ್ಕೆ. ನಮ್ಮಲ್ಲಿ ನಾಲೆ ಏರಿಗಳಿವೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ, ತುಂಗಭದ್ರಾ ನಾಲೆ, ಭದ್ರಾ ನಾಲೆ. ನೂರಾರು ಕಿಲೋಮೀಟರ್ ಸಮತಟ್ಟು ದಾರಿ, ಪಕ್ಕದಲ್ಲಿ ನೀರು, ಮೇಲೆ ನೆರಳು. ಫ್ರಾನ್ಸಿನವರು ಸೈಕಲ್ಲಿಗೆ ಬಿಟ್ಟಿದ್ದು ಇಂಥದ್ದನ್ನೇ. ನಾವು ಏನು ಮಾಡಿದ್ದೀವಿ? ನಾಲೆ ಪಕ್ಕದಲ್ಲಿ ತಡೆಗೋಡೆಯೂ ಇಲ್ಲದೆ ಬಸ್ಸು, ಕಾರು ಬಿಟ್ಟಿದ್ದೀವಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು ಮೂವತ್ತು ಜನ ಹೋದರು. ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ಮೇಲೂ ನಾಲೆಗೆ ಕಾರು ಬಿದ್ದ ಸುದ್ದಿ ನಾವು ಓದ್ತಾನೇ ಇದ್ದೀವಿ. ಎಲ್ಲಿ ಬಸ್ಸಿಗೆ ಬೇರೆ ರಸ್ತೆ ಇದೆಯೋ, ಅಲ್ಲಿ ಏರಿಯನ್ನ ಕಾಲ್ನಡಿಗೆಗೂ ಸೈಕಲ್ಲಿಗೂ ರೈತರ ಗಾಡಿಗೂ ಬಿಡಿ. ಎಲ್ಲಿ ಬೇರೆ ರಸ್ತೆ ಇಲ್ಲವೋ, ಅಲ್ಲಿ ಗೋಡೆ ಕಟ್ಟಿ.

ಇಷ್ಟು ಕೇಳೋದಕ್ಕೆ ಜನ ಬೇಕು. ಜನ ಕೇಳಿದರೆ ಆಗುತ್ತಾ? ಆಗುತ್ತೆ. ಉತ್ತರಹಳ್ಳಿಯ ಪಕ್ಕದಲ್ಲೇ ತುರಹಳ್ಳಿ ಕಾಡಿದೆ, ಸುಮಾರು 590 ಎಕರೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಹೊರಟಾಗ ಸುತ್ತಮುತ್ತಲಿನ ಜನ ಬೀದಿಗೆ ಬಂದರು. ಮಕ್ಕಳು ಬಂದರು, ವಯಸ್ಸಾದವರು ಬಂದರು. "ಕಾಡು ಕಾಡಾಗೇ ಇರಲಿ" ಅಂದರು. ಆ ಯೋಜನೆ ಕೈಬಿಡಬೇಕಾಯ್ತು. ಅಲ್ಲಿ ಜನ ಕೇಳಿದ್ದು ಏನನ್ನೋ ಕಟ್ಟಿಕೊಡಿ ಅಂತ ಅಲ್ಲ, ಕಟ್ಟಬೇಡಿ ಅಂತ. ರಸ್ತೆಯ ವಿಷಯದಲ್ಲೂ ಕೇಳಬೇಕಾಗಿರೋದು ಅದನ್ನೇ.

ಒಂದು ಮಾತು ನೆನಪಿಡಿ. ಗುಂಡಿ ಬಿದ್ದ ರಸ್ತೆಯನ್ನ ಮುಂದಿನ ವರ್ಷ ಸರಿ ಮಾಡಬಹುದು. ಅಗಲ ಮಾಡಿದ ರಸ್ತೆಯನ್ನ ಯಾವತ್ತೂ ಯಾರೂ ಮತ್ತೆ ಸಣ್ಣದು ಮಾಡಲ್ಲ. ಒಮ್ಮೆ ಕಡಿದ ಹುಣಸೆ ಸಾಲು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ವಾಪಸ್ ಬರಲ್ಲ. ಉತ್ತರಹಳ್ಳಿಯ ಒಳಗಿನ ದಾರಿಗಳ ವಿಷಯದಲ್ಲಿ ಕಾಲ ಮೀರಿದೆ. ಮಂಚನಬೆಲೆ ದಾರಿಯ ವಿಷಯದಲ್ಲಿ ಇನ್ನೂ ಮೀರಿಲ್ಲ. ನಿಮ್ಮ ಪಂಚಾಯಿತಿ ಸದಸ್ಯರು, ನಿಮ್ಮ ಶಾಸಕರು ರಸ್ತೆ ಅಗಲೀಕರಣದ ಫ್ಲೆಕ್ಸ್ ಹಾಕಿದಾಗ ಒಂದೇ ಪ್ರಶ್ನೆ ಕೇಳಿ: ಈ ಅಗಲ ಯಾರಿಗೆ, ಊರಿನವರಿಗಾ, ಊರು ದಾಟಿ ಹೋಗೋರಿಗಾ? ಉತ್ತರ ಬರೋ ತನಕ ಕೇಳಿ.